ಭಾವನ ನಾಮಪತ್ರಕ್ಕೆ ಹತ್ತು ಸಹಿ

ಅಕ್ಕನ ಗಂಡ ವಿಧಾನಸಭೆ ಚುನಾವಣೆಗೆ ನಿಲ್ಲುತ್ತೇನೆ ಎಂದಾಗ ಮೊದಲು ನಂಬಿದವಳು ನಾನು. ಆಗ ಭಾವನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದೆ. ಇಲ್ಲಿ ಏಕವಚನ ಸಾಕು.

ಉತ್ತರಹಳ್ಳಿಯ ನಮ್ಮ ಹಳೇ ಬೀದಿಗಳ ಚರಂಡಿ ನೀರೆಲ್ಲ ಕೆರೆಗೆ ಹೋಗುತ್ತದೆ. ದೊಡ್ಡ ಪಕ್ಷಗಳು ಸರದಿಯ ಮೇಲೆ ಗೆದ್ದು, ಸರದಿಯ ಮೇಲೆ ಮೂಗು ಮುಚ್ಚಿಕೊಂಡು ಹೋಗಿವೆ. ಕೆರೆಗಾಗಿ ಪಕ್ಷೇತರನಾಗಿ ನಿಲ್ಲುತ್ತೇನೆ ಎಂದ ಭಾವ. ದೊಡ್ಡ ಪಕ್ಷದ ಟಿಕೆಟ್ ಇದ್ದವನ ನಾಮಪತ್ರಕ್ಕೆ ಒಬ್ಬ ಸೂಚಕ ಸಾಕು; ಪಕ್ಷೇತರನಿಗೆ ಕ್ಷೇತ್ರದ ಹತ್ತು ಮತದಾರರ ಸಹಿ ಬೇಕು. ಮೊದಲ ಸಹಿ ನನ್ನದು. ಉಳಿದ ಒಂಬತ್ತನ್ನು ಬಿಸಿಲಿನಲ್ಲಿ ಮನೆಮನೆ ಅಲೆದು ಹಾಕಿಸಿದವಳೂ ನಾನೇ.

ಎದುರು ಮನೆಯ ಹೂವಿನಜ್ಜಿ, ಬಾಗಿಲಲ್ಲೇ ಕೂತು ಹೂ ಕಟ್ಟಿ ಮಾರುವವರು, ಸುಲಭಕ್ಕೆ ಒಪ್ಪಲಿಲ್ಲ.

"ಗೆದ್ಮೇಲೆ ಇವ್ನೂ ಅವ್ರ ಥರಾನೇ ಆದ್ರೆ?"

"ಆಗಲ್ಲ ಅಜ್ಜಿ, ನಾನಿದೀನಲ್ಲ," ಎಂದೆ.

"ನಿನ್ ಮುಖ ನೋಡಿ ಹಾಕ್ತಿದೀನಮ್ಮ," ಎಂದು ಪೆನ್ನು ತೆಗೆದುಕೊಂಡರು.

ನಾಮಪತ್ರ ವಾಪಸ್ ಪಡೆಯುವ ಕೊನೆಯ ದಿನ ಭಾವ ಒಂದು ಕವರ್ ಕೊಟ್ಟ. "ಚುನಾವಣಾಧಿಕಾರಿ ಆಫೀಸಿಗೆ ಕೊಟ್ಬಾಮ್ಮ. ಯಾವ್ದೋ ಪೇಪರ್ ಬಾಕಿ ಇದ್ಯಂತೆ. ನೀನು ಸೂಚಕಿ ಅಲ್ವಾ, ನಿನ್ ಕೈಯಿಂದ ತಗೋತಾರೆ."

ಆಟೊದಲ್ಲಿ ಕೂತು ತೆರೆದೆ. ಉಮೇದುವಾರಿಕೆ ಹಿಂತೆಗೆದುಕೊಳ್ಳುವ ನೋಟಿಸು. ಜೊತೆಗೆ, ಅದನ್ನು ಸಲ್ಲಿಸುವ ಅಧಿಕಾರ ನನಗಿದೆ ಎಂಬ ಅವನ ಪತ್ರ. ಕಂಡವರ ಹೆಗಲ ಮೇಲೆ ಬಂದೂಕು ಇಡುವುದು ಎಂದರೆ ಇದೇ.

ಭಾವನಿಗೆ ಫೋನ್ ಮಾಡಿದರೆ ಅಕ್ಕ ಎತ್ತಿದಳು. ನಮ್ಮ ಬೀದಿಗಳ ಓಟು ಒಡೆದುಹೋಗುತ್ತದೆಂದು ಒಂದು ಪಕ್ಷದವರು ಹೆದರಿದ್ದರಂತೆ. ಹಿಂದೆ ಸರಿದರೆ ವಾರ್ಡ್ ಚುನಾವಣೆಗೆ ಟಿಕೆಟ್ ಎಂದು ಮಾತು ಕೊಟ್ಟಿದ್ದಾರಂತೆ.

"ಅವ್ರು ಬಂದು ಕೇಳ್ಲಿ ಅಂತಾನೇ ಇವ್ರು ನಿಂತಿದ್ದು ಕಣೇ. ಈಗ ಅಲ್ಲಿ ಮುಖ ತೋರ್ಸೋಕೆ ನಾಚ್ಕೆ. ಕೊಟ್ಬಿಡೇ, ನನಗೋಸ್ಕರ."

ಮಾನಗೆಟ್ಟವನಿಗೆ ನಾಚಿಕೆಯಂತೆ. ಆ ಕಾಗದವನ್ನು ಹರಿದು ಹಾಕಬಹುದಿತ್ತು. ಹರಿಯಲಿಲ್ಲ. ಅಕ್ಕನ ಸಂಸಾರ, ನಾಳೆ ಹಬ್ಬಕ್ಕೆ ಒಂದೇ ಪಂಕ್ತಿಯಲ್ಲಿ ಕೂರಬೇಕು ಎಂದೆಲ್ಲ ಯೋಚಿಸಿ, ಮೂರು ಗಂಟೆಯೊಳಗೆ ಕೊಟ್ಟು ಬಂದೆ. ಸಹಿ ಹಾಕಿದ ಒಂಬತ್ತು ಜನರನ್ನು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಭಾವನಿಗೆ ಟಿಕೆಟ್ ಇನ್ನೂ ಬಂದಿಲ್ಲ. ಕೊರಳಿಗೆ ಪಕ್ಷದ ಶಾಲು ಬಂದಿದೆ. ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಗೆದ್ದವನಿಗೂ ಕೆರೆ ಬೇಡ, ನಿಂತವನಿಗೂ ಬೇಡ. ಕೆರೆ ಬೇಕಾಗಿದ್ದುದು ಅದರ ನಾತ ಕುಡಿಯುವ ನಮಗೆ ಮಾತ್ರ.

ಈ ಬೇಸಿಗೆಯಲ್ಲಿ ನಾತ ತಡೆಯಲಾರದೆ ಪಾಲಿಕೆಗೆ ಅರ್ಜಿ ಬರೆದು ಮತ್ತೆ ಮನೆಮನೆಗೆ ಹೋದೆ. ಹೂವಿನಜ್ಜಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು, ಸಹಿ ಹಾಕಿದರು. ಕಾಗದಕ್ಕೆ ಕೈ ಚಾಚಿದೆ. ಕೊಡಲಿಲ್ಲ.

"ಬೇಜಾರ್ ಮಾಡ್ಕೋಬೇಡಮ್ಮ. ಆಫೀಸಿಗೆ ನಾನೇ ಹೋಗಿ ಕೊಡ್ತೀನಿ."

ಒಬ್ಬರನ್ನೇ ಕಳಿಸಲಾರದೆ ಆಟೊದಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅಜ್ಜಿ ಆ ಅರ್ಜಿಯನ್ನು ನಾನು ಕೂತಿರದ ಮಗ್ಗುಲಲ್ಲಿ ಹಿಡಿದುಕೊಂಡಿದ್ದರು.