ಒಂಬತ್ತಕ್ಕೆ ಎರಡು ಕೊಟ್ಟ ದ್ರೌಪದಮ್ಮ

ಅಮೃತಹಳ್ಳಿಯ ದ್ರೌಪದಮ್ಮನಿಗೆ ಅರವತ್ತೊಂದು ವರ್ಷ. ಇಷ್ಟು ವರ್ಷದಲ್ಲಿ ಆಕೆ ಯಾರ ಮನೆಯಲ್ಲೂ ಉಂಡು "ಚೆನ್ನಾಗಿದೆ" ಅಂದವಳಲ್ಲ. ಹಾಗಂತ ಕೆಟ್ಟ ಹೆಂಗಸೇ? ಛೆ, ಎಲ್ಲಾದರೂ ಉಂಟೆ! ಬೀದಿಯಲ್ಲಿ ಯಾರ ಮನೆಯಲ್ಲಿ ಬಾಣಂತನವಾದರೂ ಮೊದಲು ಓಡುವವಳು ಅವಳೇ. ಆದರೆ ಓಡಿದವಳು ಮಗುವಿನ ಮುಖ ನೋಡುವ ಮೊದಲು ಬಾಣಂತಿಯ ಸಾರಿನ ಮುಚ್ಚಳ ತೆಗೆದು, "ಮೆಣಸು ಹುರೀದೆ ಹಾಕ್ಬಿಟ್ಟವ್ರೆ" ಅನ್ನಲೇಬೇಕು. ಮದುವೆ ಮನೆಯ ಅಡುಗೆಯವರು ಪಂಕ್ತಿಯನ್ನೊಮ್ಮೆ ಇಣುಕಿ, ಈಕೆ ಎಲ್ಲಿ ಕೂತಿದ್ದಾಳೆಂದು ನೋಡಿಕೊಂಡೇ ಸಾರಿನ ಬಕೆಟ್ ಎತ್ತುತ್ತಿದ್ದರು. ಗಂಡ ಮುನಿಗಂಗಪ್ಪ ಮಾತ್ರ ಹಾಕಿದ್ದನ್ನು ತಿಂದು ಸುಮ್ಮನೆ ಕೈ ತೊಳೆಯುವ ಪುಣ್ಯಾತ್ಮ. ಮನೆಗೊಂದೇ ನಾಲಿಗೆ ಸಾಕು ಅಂತ ದೇವರು ತೀರ್ಮಾನಿಸಿದ್ದನೋ ಏನೋ.

ಆ ನಾಲಿಗೆಯೇ ಆಕೆಗೆ ತವರು ತಪ್ಪಿಸಿದ್ದು. ಮೂರು ವರ್ಷದ ಹಿಂದೆ ಗಂಗಾನಗರದಲ್ಲಿ ತಮ್ಮ ಬೈರಣ್ಣನ ಮಗಳು ಶಿಲ್ಪಳ ನಿಶ್ಚಿತಾರ್ಥ. ಬೀಗರು ಎದುರು ಸಾಲಿನಲ್ಲೇ ಕೂತಿದ್ದಾರೆ. ಪಾಯಸ ಬಾಯಿಗಿಟ್ಟ ದ್ರೌಪದಮ್ಮ ಇಡೀ ಛತ್ರಕ್ಕೆ ಕೇಳುವಂತೆ, "ಲೋ ಬೈರ, ತಳ ಹಿಡಿದೈತೆ ಕಣೋ. ಯಾಲಕ್ಕಿ ಸುರಿದು ಮುಚ್ಚವ್ರೆ" ಅಂದಳು. ತಳ ಹಿಡಿದದ್ದು ನಿಜ. ಏಲಕ್ಕಿ ಸುರಿದದ್ದೂ ನಿಜ. ಸುರಿದವಳು ಬೈರಣ್ಣನ ಹೆಂಡತಿ ರಾಣಿ. ಸುಳ್ಳಾಗಿದ್ದರೆ ನಕ್ಕು ಬಿಡಬಹುದಿತ್ತು. ಬೈರಣ್ಣ ಕೆಂಪಗಾಗಿ, "ನಾಲಿಗೆ ಮನೇಲಿಟ್ಟು ಬರೋದಾದ್ರೆ ಬಾ ಅಕ್ಕ. ಇಲ್ದಿದ್ರೆ ಬರ್ಲೇಬೇಡ" ಅಂದುಬಿಟ್ಟ. ಅವಳು ಎಲೆ ಮಡಚಿ ಎದ್ದಳು.

ಶಿಲ್ಪಳ ಮದುವೆಯ ಕಾರ್ಡು ಕೊರಿಯರ್‌ನಲ್ಲಿ ಬಂತು. ಅರಿಶಿನ ಕುಂಕುಮ ಇಟ್ಟು ಕರೆಯದ ಮದುವೆಗೆ ಸೋದರತ್ತೆ ಹೋಗುವುದುಂಟೆ? ಧಾರೆಯ ಹೊತ್ತಿಗೆ ಟೀವಿ ಜೋರಾಗಿಟ್ಟುಕೊಂಡು ಕೂತಿದ್ದಳು. ಗೌರಿ ಹಬ್ಬಕ್ಕೆ ಬಾಗಿನವೂ ಬಂತು, ಹೆಲ್ಮೆಟ್ ಹಾಕಿದ ಡೆಲಿವರಿಯವನ ಕೈಯಲ್ಲಿ. "ಓಟಿಪಿ ಹೇಳಿ ಅಮ್ಮ" ಅಂದ ಅವನು. ಗಂಗಾನಗರದಿಂದ ಅಮೃತಹಳ್ಳಿಗೆ ಬಸ್ಸಿನಲ್ಲಿ ಕೂತರೆ ಅರ್ಧ ಗಂಟೆಯ ದಾರಿ. ತವರಿನ ಬಾಗಿನಕ್ಕೆ ಓಟಿಪಿ! ಅವತ್ತು ದ್ರೌಪದಮ್ಮ ಅತ್ತಳು. ಬಾಗಿನದ ಕಡಲೆಬೇಳೆಯಲ್ಲಿ ಹುಳ ಇತ್ತು ಅಂತಲೂ ಹೇಳಿದಳು, ಅದು ಬೇರೆ ಮಾತು.

ಸೊಸೆ ಮಾಲಾ ಕೆಲಸ ಮಾಡುತ್ತಿದ್ದದ್ದು ಯಲಹಂಕದ ಒಂದು ತಿಂಡಿ ಕಂಪನಿಯ ಆಫೀಸಿನಲ್ಲಿ. ಮಕ್ಕಳು ಬೆಳಿಗ್ಗೆ ಹಾಲಿಗೆ ಹಾಕಿಕೊಂಡು ತಿನ್ನುವ ಸಿಹಿ ಸಿಹಿ ಫ್ಲೇಕ್ಸು ಅವರದು. ಹೊಸ ರುಚಿಗಳು ತಯಾರಾಗಿದ್ದವು: ಮಾವು, ಚಾಕೊಲೇಟು, ಜೊತೆಗೆ ಅಜ್ಜಿಯರ ಮನ ಗೆಲ್ಲಲು ಬೆಲ್ಲ-ಏಲಕ್ಕಿ. ರುಚಿ ನೋಡಲು ಹಳೇ ಊರಿನ ಹನ್ನೆರಡು ಹೆಂಗಸರು ಬೇಕೆಂದಾಗ ಮಾಲಾ ಬೀದಿಯವರನ್ನೆಲ್ಲ ಕಲೆಹಾಕಿದಳು. ಅತ್ತೆಯನ್ನು ಕರೆಯುವ ಮನಸ್ಸಿರಲಿಲ್ಲ. ಹನ್ನೆರಡನೆಯವರಿಗೆ ಜ್ವರ ಬಂದು ಕರೆಯಬೇಕಾಯಿತು.

ಎಲ್ಲರೂ ಹಬ್ಬದ ಸೀರೆ ಉಟ್ಟು, ಮಲ್ಲಿಗೆ ಮುಡಿದು ಹೋದರು. ಪರೀಕ್ಷೆ ನಡೆಸುವ ರೂಬಿ ಮೇಡಂ ಬಾಗಿಲಲ್ಲೇ ಹೂವನ್ನೆಲ್ಲ ಬಿಚ್ಚಿಸಿದಳು, ವಾಸನೆ ಅಡ್ಡ ಬರುತ್ತದಂತೆ. ಒಬ್ಬೊಬ್ಬರಿಗೂ ಬಟ್ಟಲು, ಬಿಸಿ ಹಾಲು, ಒಂಬತ್ತು ಅಂಕದ ಹಾಳೆ. ಹನ್ನೊಂದು ಹಾಳೆಗಳಲ್ಲಿ ಎಲ್ಲ ರುಚಿಗೂ ಒಂಬತ್ತಕ್ಕೆ ಒಂಬತ್ತು ಬಂತು. ಪಕ್ಕದ ಮನೆಯ ಅಂಜಿನಮ್ಮ ಅರ್ಧ ಬಟ್ಟಲನ್ನೂ ಮುಗಿಸಲಾರದೆ ಒಂಬತ್ತು ಬರೆದಿದ್ದಳು. ರೂಬಿ ತಲೆ ಮೇಲೆ ಕೈ ಹೊತ್ತು, "ಯಾಕಮ್ಮ ಹೀಗೆ?" ಅಂತ ಕೇಳಿದಳು.

"ಪಾಪ, ನೀವು ಕೂರಿಸಿ, ಉಪಚಾರ ಮಾಡಿ ಕೊಟ್ಟಿದೀರ" ಅಂದಳು ಅಂಜಿನಮ್ಮ. "ಪರರ ಮನೇಲಿ ಉಂಡು ಚೆನ್ನಾಗಿಲ್ಲ ಅನ್ನೋಕಾಗ್ತದಾ? ಅಂಗನ್ನೋಕೆ ಸ್ವಂತ ಮನೆ ಆಗ್ಬೇಕು ಕಣಮ್ಮ."

ಹನ್ನೆರಡನೆಯ ಹಾಳೆಯಲ್ಲಿ ಒಂದೇ ಅಂಕಿ ಇತ್ತು: ಎರಡು. ದ್ರೌಪದಮ್ಮನಿಗೆ ಪರರ ಮನೆ ಅಂತ ಯಾವುದಿದೆ? "ಬೆಲ್ಲ ಅಂತ ಬರ್ದಿದೀರ, ಬೆಲ್ಲ ಎಲ್ಲೈತೆ? ಸಕ್ಕರೆ ಸೀಯಿಸಿ ಬಣ್ಣ ಬರಿಸಿದೀರ. ಇದಕ್ಕೆ ಆಕಿರೋದು ಯಾಲಕ್ಕಿ ಅಲ್ಲ, ಯಾಲಕ್ಕಿ ಡಬ್ಬಿ ತೊಳೆದ ನೀರು. ಈ ಎರಡನೇದು ಇದ್ಯಲ್ಲ, ಇದು ಆಲಿಗೆ ಬೀಳೋ ಮುಂಚೆನೇ ಮೆತ್ತಗಾಗೈತೆ." ಮಾಲಾ ನಾಚಿಕೆಯಿಂದ ನೆಲ ನೋಡುತ್ತ ನಿಂತಳು. ರೂಬಿ ಮಾತ್ರ ಎದ್ದು ಬಂದು ದ್ರೌಪದಮ್ಮನ ಎರಡೂ ಕೈ ಹಿಡಿದುಕೊಂಡಳು.

ಹೀಗೆ ಅಮೃತಹಳ್ಳಿಯ ದ್ರೌಪದಮ್ಮ ವಾರಕ್ಕೆ ಮೂರು ದಿನ, ಹನ್ನೊಂದು ಗಂಟೆಗೆ ರುಚಿ ನೋಡುವ ಕೆಲಸಕ್ಕೆ ಸೇರಿದಳು. ಕೊಂಕು ತೆಗೆಯಲು ಸಂಬಳ! ಊರಿನವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಆದರೆ ತಮಾಷೆ ಕೇಳಿ. ಕೊಂಕು ತೆಗೆಯುತ್ತಾಳೆಂದು ಕರೆದುಕೊಂಡವರು ಮೊದಲ ದಿನವೇ ಕೊಂಕು ತೆಗೆಯಬಾರದೆಂದು ಕಲಿಸಿದರು.

"ಚೆನ್ನಾಗಿದೆ, ಚೆನ್ನಾಗಿಲ್ಲ, ಎರಡೂ ಹೇಳೋ ಹಾಗಿಲ್ಲ ದ್ರೌಪದಮ್ಮೋರೆ" ಅಂದಳು ರೂಬಿ. "ಸಿಹಿ ಎಷ್ಟು, ಏಲಕ್ಕಿ ಎಷ್ಟು, ಹಾಲಲ್ಲಿ ಎಷ್ಟು ಹೊತ್ತು ಗರಿಗರಿ ಇರುತ್ತೆ, ಅಷ್ಟೇ."

"ಮತ್ತೆ ಚೆನ್ನಾಗೈತೋ ಇಲ್ವೋ ಅಂತ ಯಾರು ಏಳೋದು?"

"ಅದನ್ನ ಮುಂಬೈ ಹೆಡ್ಡಾಫೀಸಲ್ಲಿ ಹೇಳ್ತಾರೆ."

ತಿಂದದ್ದನ್ನು ಕಪ್ಪಿಗೆ ಉಗಿಯಬೇಕೆಂಬುದು ಇನ್ನೊಂದು ನಿಯಮ. ಎಲ್ಲವನ್ನೂ ನುಂಗಿದರೆ ಹೊಟ್ಟೆ ಏನಾಗಬೇಕು? ಅನ್ನಕ್ಕೆ ಉಗಿಯುವುದೇ, ಶಿವಶಿವಾ ಎಂದು ಆಕೆ ಎರಡು ದಿನ ನುಂಗಿದಳು. ಮೂರನೆಯ ದಿನ ಹೊಟ್ಟೆಯೇ ಬುದ್ಧಿ ಹೇಳಿತು. ಆಮೇಲೆ ಪ್ರತಿ ಸಲ "ತಪ್ಪಾಯ್ತು ತಾಯಿ" ಅಂತ ಅನ್ನಪೂರ್ಣೆಗೆ ಹೇಳಿ ಉಗಿಯುವುದನ್ನು ರೂಢಿ ಮಾಡಿಕೊಂಡಳು. ಕೆಲಸವಿದ್ದ ದಿನ ಎಲೆ ಅಡಿಕೆ ಇಲ್ಲ, ಬೆಳಗಿನ ಕಾಫಿ ಇಲ್ಲ, ಘಮಘಮ ಸೋಪೂ ಇಲ್ಲ. ವರ್ಷ ತುಂಬುವಷ್ಟರಲ್ಲಿ ಮನೆಯಲ್ಲೂ ಮಾಲಾಳ ಸಾರು ಉಂಡು, "ಹುಳಿ ಆರು, ಖಾರ ನಾಲ್ಕು" ಅಂದು ಏಳತೊಡಗಿದಳು. ಮಾಲಾ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಸುದ್ದಿ ಗಂಗಾನಗರಕ್ಕೂ ಹೋಯಿತು. ಒಂದು ಭಾನುವಾರ ಬೈರಣ್ಣ ಅರಿಶಿನ ಕುಂಕುಮದ ತಟ್ಟೆ ಹಿಡಿದು ತಾನೇ ಬಂದು ಬಾಗಿಲಲ್ಲಿ ನಿಂತ. ಮೂರು ವರ್ಷದಲ್ಲಿ ಕೂದಲೆಲ್ಲ ಬೆಳ್ಳಗಾಗಿತ್ತು. ದ್ರೌಪದಮ್ಮ ಒಳಗೆ ಹೋಗಿ ನೀರು ತಂದುಕೊಟ್ಟಳು.

"ಶಿಲ್ಪಂಗೆ ಏಳು ತಿಂಗ್ಳು ಅಕ್ಕ. ಗುರುವಾರ ಮನೇಲೇ ಸೀಮಂತ. ಅತ್ತೆ ಬರ್ದೆ ಮಡಿಲು ತುಂಬಿಸ್ಕೊಳಲ್ಲ ಅಂತ ಕೂತವ್ಳೆ" ಅಂದ ಬೈರಣ್ಣ. ಸ್ವಲ್ಪ ಹೊತ್ತು ಲೋಟ ತಿರುಗಿಸಿದ. "ಬೀಗರೂ ಬರ್ತಾರೆ. ಅದುಕ್ಕೇ... ಊಟದ ಮಾತು ಮಾತ್ರ..."

"ನನ್ ಬಾಯಿಗೆ ಟ್ರೈನಿಂಗ್ ಆಗೈತೆ ಕಣೋ. ಎದರ್ಬೇಡ" ಅಂದಳು ದ್ರೌಪದಮ್ಮ. ಅವನು ಹೋದ ಮೇಲೆ ಗಂಡನಿಗೆ, "ಈ ಸಲ ಏನಾದ್ರೂ ಅಂದ್ಬಿಟ್ರೆ ನಂಗೆ ತವರು ಮುಗೀತು" ಅಂದಳು. ಮುನಿಗಂಗಪ್ಪ ಹೂಂ ಅಂದ.

ಗುರುವಾರ ಶಿಲ್ಪಳ ಮಡಿಲಿಗೆ ಅಕ್ಕಿ, ಕೊಬ್ಬರಿ ತುಂಬುವಾಗ ಸೋದರತ್ತೆ, ಸೋದರಸೊಸೆ ಇಬ್ಬರೂ ಅತ್ತರು. ಆಮೇಲೆ ಎಲೆ ಹಾಕಿದರು. ಬೈರಣ್ಣನೇನು ಕಡಿಮೆಯವನೇ? ಅಕ್ಕ ಬರುತ್ತಾಳೆಂಬ ಹೆದರಿಕೆಗೆ ಯಶವಂತಪುರದಿಂದ ಹೆಸರುವಾಸಿ ಅಡುಗೆಯವನನ್ನು ಕರೆಸಿ, ಬೆಳಿಗ್ಗೆ ನಾಲ್ಕರಿಂದ ಒಲೆಯ ಪಕ್ಕ ಸ್ಟೂಲು ಹಾಕಿಕೊಂಡು ಕಾದಿದ್ದ. ಒಬ್ಬಟ್ಟು ಬಂತು, ಒಬ್ಬಟ್ಟಿನ ಸಾರು ಬಂತು. ಪಂಕ್ತಿಯಲ್ಲಿ ಯಾರೂ ಬಾಯಿಗಿಡಲಿಲ್ಲ. ಬೀಗರ ಕಿವಿಗೂ ಹಳೇ ಕಥೆ ಬಿದ್ದಿತ್ತಲ್ಲ, ಎಲ್ಲರ ಕಣ್ಣೂ ದ್ರೌಪದಮ್ಮನ ಮೇಲೆ. ರಾಣಿ ಸಾರಿನ ಬಕೆಟ್ ಹಿಡಿದು ಎದುರಿಗೇ ನಿಂತಿದ್ದಳು.

ದ್ರೌಪದಮ್ಮ ಒಬ್ಬಟ್ಟು ಮುರಿದು ಬಾಯಿಗಿಟ್ಟಳು. ಹೂರಣ ನುಣ್ಣಗಿತ್ತು, ಬೆಲ್ಲ ಹದವಾಗಿತ್ತು. ಸಾರು ನೋಡಿದಳು. ಹುಳಿ, ಖಾರ, ಉಪ್ಪು ಎಲ್ಲಿರಬೇಕೋ ಅಲ್ಲಿ. ಕಂಪನಿಯಲ್ಲಿ ಕಲಿತ ಹಾಗೆ ನಾಲಿಗೆಯ ತುದಿಯಿಂದ ಬುಡದವರೆಗೆ ಹುಡುಕಿದಳು. ಎಲ್ಲೂ ಏನೂ ಇಲ್ಲ. ಅರವತ್ತೊಂದು ವರ್ಷಕ್ಕೆ ಮೊದಲ ಸಲ ಒಂದು ಊಟ ಸರಿಯಾಗಿತ್ತು! ಅವಳಿಗೆ ಸಂತೋಷ ತಡೆಯಲಾಗಲಿಲ್ಲ.

"ಚೆನ್ನಾಗೈತೆ ಕಣೋ ಬೈರ" ಅಂದಳು.

ರಾಣಿಯ ಮುಖ ಸಪ್ಪಗಾಗಿ ಕಣ್ಣು ತುಂಬಿತು. ಬೈರಣ್ಣ ಬಂದು ಅಕ್ಕನ ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಇನ್ನೂ ಕೋಪ ಓಗಿಲ್ವಾ ಅಕ್ಕ?"

"ಅಯ್ಯೋ, ನಿಜವಾಗ್ಲೂ ಚೆನ್ನಾಗೈತೆ ಕಣೋ!"

"ಬೇಡ ಕಣಕ್ಕ. ನಾಲಿಗೆ ಮನೇಲಿಟ್ಟು ಬಾ ಅಂದಿದ್ದು ನನ್ ತಪ್ಪು. ಅದುಕ್ಕೆ ಯಾರೋ ಪರರ ಮನೆಗೆ ಬಂದೋರಂಗೆ ಮಾತಾಡ್ತೀಯಾ? ನಮ್ಮನ್ನ ಬಿಟ್ಬಿಟ್ಯಾ?"

ದ್ರೌಪದಮ್ಮ ತಮ್ಮನನ್ನು ನೋಡಿದಳು. ಒಂಬತ್ತಕ್ಕೆ ಒಂಬತ್ತು ಬರೆದ ಅಂಜಿನಮ್ಮನ ಮಾತು ನೆನಪಾಯಿತು. ಜನ್ಮಕ್ಕೊಂದು ಸಲ ಒಳ್ಳೆಯ ಮಾತಾಡಿದರೆ ನಂಬುವವರಿಲ್ಲ! ಇನ್ನೊಮ್ಮೆ ಆಣೆ ಮಾಡಿ ಹೇಳಿದರೆ ಅವನು ಇನ್ನೂ ನೋಯುತ್ತಾನೆ. ಆಕೆ ಸಾರನ್ನು ಮತ್ತೊಮ್ಮೆ ಬೆರಳಲ್ಲಿ ನೆಕ್ಕಿದಳು. ಮುಖ ಸಿಂಡರಿಸಿದಳು. ಊಟದ ವಿಷಯದಲ್ಲಿ ಜೀವಮಾನದ ಮೊದಲ ಸುಳ್ಳು ಹೇಳಿದಳು.

"ಸಾರಿಗೆ ಉಪ್ಪು ಸಾಲದು. ಯಾವನೋ ಅವ್ನು ಅಡುಗೆಯೋನು, ಉಪ್ಪಿಗೂ ಕೈ ಇಡ್ಕೋತಾನೆ?"

ಬೈರಣ್ಣ ಎದ್ದು ನಿಂತ. ಮುಖ ಅರಳಿತ್ತು. "ನಾನು ಬೆಳಿಗ್ಗೆನೇ ಅಂದೆ, ಉಪ್ಪು ಕಮ್ಮಿ ಅಂತ! ಯಾರಾದ್ರೂ ಕೇಳುದ್ರಾ?" ಅಂತ ಅಡುಗೆ ಮನೆಯ ಕಡೆ ಕೂಗಿದ. ರಾಣಿ ಕಣ್ಣೊರೆಸಿಕೊಂಡು, "ಬಂದ್ರಪ್ಪ ನಮ್ ಅತ್ಗೆಮ್ಮ" ಅಂತ ಗೊಣಗುತ್ತ ಓಡಿದಳು. ಬೀಗರು ನಿರಾಳವಾಗಿ ಒಬ್ಬಟ್ಟು ಮುರಿದರು. ರಾಣಿ ಒಂದು ಹಿಡಿ ಕಲ್ಲುಪ್ಪು ತಂದು ಬಕೆಟ್ಟಿಗೆ ಹಾಕಿ ಕದಡಿ, ಎಲ್ಲರಿಗಿಂತ ಮೊದಲು ಅತ್ತಿಗೆಯ ಅನ್ನದ ಮೇಲೆ ಸೌಟು ತುಂಬ ಸುರಿದಳು. ಬೈರಣ್ಣ ಬಗ್ಗಿ ಅಕ್ಕನ ಬಾಯನ್ನೇ ನೋಡುತ್ತಿದ್ದ.

ದ್ರೌಪದಮ್ಮ ಕಲಸಿ ಒಂದು ತುತ್ತು ಬಾಯಿಗಿಟ್ಟಳು. ಸಮುದ್ರವೇ ಬಾಯೊಳಗೆ ಬಂದಂತಾಯಿತು. ಅಕ್ಕಪಕ್ಕ ನೋಡಿದಳು, ಉಗಿಯಲು ಇಲ್ಲಿ ಕಪ್ಪಿರಲಿಲ್ಲ.

"ಈಗ ಎಂಗೈತೆ ಅಕ್ಕ?"

"ಈಗ ಸರಿಯಾಯ್ತು ನೋಡು" ಅಂದಳು.

"ಅಕ್ಕಂಗೆ ಇನ್ನೊಂದು ಸೌಟು ಆಕೇ" ಅಂತ ಬೈರಣ್ಣ ಹೆಂಡತಿಗೆ ಹೇಳಿದ. ದ್ರೌಪದಮ್ಮ ಕೈ ಅಡ್ಡ ಹಿಡಿಯಲಿಲ್ಲ. ಆ ಸೌಟನ್ನೂ ಕಲಸಿಕೊಂಡು, ಒಂದಗುಳು ಬಿಡದೆ ಉಂಡಳು.