ಗಬ್ಬದ ಹಸುವಿನ ನಡಿಗೆ

ತುಂಬುಗಬ್ಬದ ಹಸುವನ್ನು ನಮ್ಮೂರಲ್ಲಿ ಯಾರೂ ಅವಸರಪಡಿಸುವುದಿಲ್ಲ. ಅದರ ನಡಿಗೆಗೆ ನಾವೇ ಹೆಜ್ಜೆ ಹಾಕುತ್ತೇವೆ. ಮೊನ್ನೆ ಸಂಜೆ ಗುಂಡ್ಲುಪೇಟೆ ರಸ್ತೆಯಲ್ಲಿ ನಮ್ಮ ಹಸುವನ್ನು ಹಾಗೇ ನಿಧಾನವಾಗಿ ಮನೆಗೆ ಹೊಡೆದುಕೊಂಡು ಬರುತ್ತಿದ್ದೆ. ಬಂಡೀಪುರದ ಕಾಡು ದಾಟಿ ಬಂದ ಕಾರೊಂದು ಅದರ ಬಾಲಕ್ಕೇ ಅಂಟಿಕೊಂಡು ಒಂದೇ ಸಮನೆ ಹಾರನ್ ಬಾರಿಸಿತು. ಹಸು ಬೆಚ್ಚಿ ಚರಂಡಿಗೆ ಜಾರಿ, ಮುಂಗಾಲು ಮಡಚಿ ಕುಸಿಯಿತು. ಹೊಟ್ಟೆಯೂ ನೆಲಕ್ಕೆ ಬಡಿಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ಕಾರಿಗೆ ಅಡ್ಡ ನಿಂತು ಬಾನೆಟ್ಟಿನ ಮೇಲೆ ಗುದ್ದಿದೆ.

“ಒಟ್ಟೆಗೆ ಅನ್ನ ತಾನೆ ತಿನ್ನೋದು ನೀವು? ಕಾಡಲ್ಲಿ ಜಿಂಕೆ ಅಡ್ಡ ಬಂದಾಗ್ಲೂ ಇಂಗೇ ಹಾರನ್ ಒಡುದ್ರಾ?”

ಕಾರು ಓಡಿಸುತ್ತಿದ್ದವನು ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿ, ದಡ್ಡನಿಗೆ ಪಾಠ ಹೇಳಿಕೊಡುವವನಂತೆ ತಣ್ಣಗೆ ಅಂದ:

“ಅಲ್ಲಿ ಫೈನ್ ಹಾಕ್ತಾರಲ್ವಾ?”