ತುಂಗೆಯಲ್ಲಿ ಮೆತ್ತಗಾದ ಮರ

ಕೊಪ್ಪದಿಂದ ನರಸಿಂಹರಾಜಪುರಕ್ಕೆ ಬೆಳಿಗ್ಗೆ ಸರ್ಕಾರಿ ಬಸ್ಸೇ ಸಿಕ್ಕಿತು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ, ಅತ್ತೆಗೆ ಕಿಟಕಿ ಪಕ್ಕದ ಸೀಟು ಬೇರೆ. ದೇವರು ದೊಡ್ಡವನು ಎಂದುಕೊಂಡೆ.

ಹೋದ ವರ್ಷ ಲಕ್ವ ಹೊಡೆದ ಮೇಲೆ ಅತ್ತೆಯ ಬಲಗೈ ಮಣಿಕಟ್ಟು ನಿಲ್ಲುವುದಿಲ್ಲ. ಆಸರೆಗೆ ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಪಟ್ಟಿ ಕೊಟ್ಟಿದ್ದರು. ಅದು ಮಡಿಗೆ ಆಗದು ಎಂದು ಪೂಜೆಯ ಹೊತ್ತಿಗೆ ಬಿಚ್ಚಿಡುತ್ತಿದ್ದರು. ಆರತಿ ಎತ್ತಿದರೆ ಕೈ ವಾಲುತ್ತಿತ್ತು. ಕೆಳಗೆ ನಾನು ಕೈ ಒಡ್ಡಿಯೇ ವರ್ಷ ಕಳೆಯಿತು. ತಮ್ಮ ಆರತಿ ತಾವೇ ಎತ್ತಬೇಕು, ಅವರಿಗೆ ಅದೊಂದೇ ಆಸೆ.

ನನ್ನ ತಂಗಿಯ ಮಗಳು ವಾಣಿ ನರಸಿಂಹರಾಜಪುರದ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಾಳೆ. ಮರವನ್ನು ಪ್ಲಾಸ್ಟಿಕ್ಕಿನಂತೆ ಬೇಕಾದ ಆಕಾರಕ್ಕೆ ತರುವ ಪ್ರಯೋಗ ಅವಳದು. ಮರದ ಪಟ್ಟಿಯಾದರೆ ಮಡಿಗೆ ಅಡ್ಡಿಯಿಲ್ಲ ಎಂದು ಅವಳಲ್ಲಿಗೇ ಹೊರಟಿದ್ದೆವು. ಹೆಬ್ಬೇವಿನ ತೆಳು ಪಟ್ಟಿಯನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ, ನಾರನ್ನು ಬಿಗಿದಿಡುವ ಅಂಟನ್ನು ಅಷ್ಟಿಷ್ಟು ಕರಗಿಸಿ, ತೊಳೆದು ಒಣಗಿಸಿಟ್ಟಿದ್ದಳು. ನಮ್ಮೆದುರು ಸ್ವಲ್ಪ ಹೊತ್ತು ನೀರಿಗೆ ಹಾಕಿ ಎತ್ತಿದಳು. ಮರ ಬಟ್ಟೆಯಂತೆ ಮಡಿಚಿಕೊಂಡಿತು, ಮುರಿಯಲಿಲ್ಲ.

"ಇದೆಂತ ಹೊಸದು ಮಾರಾಯ್ತಿ? ನಾವು ಅಡಿಕೆ ಹಾಳೆ ನೆನೆಸಿ ದೊನ್ನೆ ಮಾಡುದಿಲ್ವಾ?" ಎಂದರು ಅತ್ತೆ.

"ಹಾಳೆ ತಾನಾಗಿ ಬಾಗ್ತದೆ ಅಜ್ಜಿ. ಮರಕ್ಕೆ ಬುದ್ಧಿ ಹೇಳ್ಬೇಕು."

ಅತ್ತೆಯ ಕೈ ಚಾಚಿಸಿ, ಪಟ್ಟಿ ಸುತ್ತಿ ಕಟ್ಟಿದಳು. ರಾತ್ರಿ ಅವಳ ಮನೆಯಲ್ಲೇ ಉಳಿದೆವು. ಮರುದಿನಕ್ಕೆ ಅದು ಗಟ್ಟಿ ಮರವೇ ಆಗಿತ್ತು.

"ನಾಲ್ಕು ದಿನ ಹಾಕಿ ನೋಡಿ ದೊಡ್ಡಮ್ಮ. ಕೈಗೆ ಸರಿಯಾದ್ರೆ ಮೇಲೆ ನೀರಿಳಿಯದ ಲೇಪ ಕೊಡ್ತೇನೆ. ಅಲ್ಲಿವರೆಗೆ ನೀರು ಸೋಕಿಸ್ಬೇಡಿ."

ಶಾರದೆಯ ದರ್ಶನ ಮಾಡಿಯೇ ಮನೆಗೆ ಹೋಗುವುದೆಂದು ಅತ್ತೆ ಹಟ ಹಿಡಿದರು. ಕೊಪ್ಪದಲ್ಲಿ ಬಸ್ಸು ಬದಲಿಸಿ, ಬನ್ಸು ತಿಂದು, ಶೃಂಗೇರಿ ಸೇರಿದೆವು. ನಾನು ಚಪ್ಪಲಿ ಬಿಟ್ಟು ಬರುವಷ್ಟರಲ್ಲಿ ಅತ್ತೆ ಹೊಳೆಯ ಮೆಟ್ಟಿಲಲ್ಲಿ ಕೂತು ಜಪ ಮುಗಿಸುತ್ತಿದ್ದರು. ಪಟ್ಟಿ ನೀರಿನೊಳಗಿತ್ತು. ಮೀನುಗಳು ಅದನ್ನು ಮೂಸುತ್ತಿದ್ದವು.

"ಅಯ್ಯೋ ಅತ್ತೆ! ನೀರು ಸೋಕಿಸ್ಬೇಡಿ ಅಂದಿದ್ಲಲ್ಲ!"

"ಸೋಡಾದಲ್ಲಿ ಬೆಂದದ್ದು. ಮಡಿ ಆಗ್ಬೇಡ್ವಾ? ಮತ್ತೆ, ಇದು ಬರೀ ನೀರಾ? ತುಂಗೆ!"

ಎತ್ತಿದರೆ ಪಟ್ಟಿ ಜೋಲು ಬಿತ್ತು. ನನಗೆ ಅಳುವೇ ಬಂತು. ವಾಣಿಗೆ ಫೋನು ಮಾಡಿದೆ.

"ಹರಿದಿಲ್ವಲ್ಲ? ಹಾಗಾದ್ರೆ ಮತ್ತೆ ಕೈಗೆ ಕಟ್ಟಿ, ಒಣಗೋವರೆಗೆ ಅಲ್ಲಾಡಿಸ್ಬೇಡಿ. ಅಜ್ಜಿಗೆ ಬೈಬೇಡಿ," ಎಂದು ನಕ್ಕಳು.

ಕಟ್ಟಲು ಹೋದರೆ ಅತ್ತೆ ತಡೆದರು. "ನಿನ್ನೆ ಕೈ ಚಾಚಿಸಿ ಕಟ್ಟಿದ್ಲು. ಚಾಚಿದ ಕೈಲಿ ಆರತಿ ಎತ್ತುದು ಹೆಂಗೆ? ಆ ಕೊಡೆ ಕೊಡು."

ನನ್ನ ಕೊಡೆಯ ಹಿಡಿಯನ್ನು ಆರತಿಯ ಹಿಡಿಯಂತೆ ಹಿಡಿದರು. ಅದೇ ಭಂಗಿಯಲ್ಲಿ ಪಟ್ಟಿ ಸುತ್ತಿ, ಟವೆಲು ಹರಿದು ಬಿಗಿದೆ. ಒಳ್ಳೆಯ ಬಿಸಿಲಿತ್ತು, ಅದೂ ಅಮ್ಮನ ಕೃಪೆಯೇ.

ದಾರಿಹೋಕರೊಬ್ಬರು ನಿಂತು ಕೇಳಿದರು, "ಇಷ್ಟು ಬಿಸಿಲಲ್ಲಿ ಕೊಡೆ ಮಡಿಚಿಟ್ಕೊಂಡು ಕೂತಿದ್ದೀರಲ್ಲ ಅಮ್ಮ?"

"ಬಿಚ್ಚಿದ್ರೆ ಕೈ ಒಣಗುದಿಲ್ಲ," ಎಂದರು ಅತ್ತೆ ಗಂಭೀರವಾಗಿ. ಕೇಳಿದವರು ನನ್ನ ಮುಖ ನೋಡಿ ಹೊರಟುಹೋದರು.

ಮಧ್ಯಾಹ್ನ ಕಳೆದ ಮೇಲೆ ಪಟ್ಟಿ ಗಟ್ಟಿಯಾಯಿತು. ದರ್ಶನ ಮಾಡಿ, ದೀಪದ ಹೊತ್ತಿಗೆ ಕೊಪ್ಪದ ಮನೆ ತಲುಪಿದೆವು. ಅತ್ತೆ ಮಡಿಯುಟ್ಟು, ಪಟ್ಟಿ ಕಟ್ಟಿಸಿಕೊಂಡು ಆರತಿ ಎತ್ತಿದರು. ರೂಢಿಯಂತೆ ನಾನು ಕೆಳಗೆ ಕೈ ಒಡ್ಡಿದೆ. ದೀಪ ಒಂದು ಸುತ್ತು ಬಂತು, ಇನ್ನೊಂದು ಬಂತು. ವಾಲಲಿಲ್ಲ.

ಅತ್ತೆ ದೇವರ ಮೇಲಿಂದ ಕಣ್ಣು ಕೀಳದೆ ಹೇಳಿದರು, "ಅಲ್ಲೆಂತಕ್ಕೆ ಕೈ? ತೆಗ್ದು ದೇವರಿಗೆ ಮುಗಿ."